ಗಾರ್ಬ್ಲಿಂಗ್ ಹಾಲ್‌ನ ರೇಡಿಯೊ ಜೋರಾಗುವುದೇಕೆ? ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಸದ್ದಿನ ದೋಷ ನಿವಾರಣೆ ಕೈಪಿಡಿ

ಜನವರಿಯಿಂದ ಏಪ್ರಿಲ್‌ವರೆಗೆ ಹಾಸನ, ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ವಿಂಗಡಿಸುವ ಕಾರ್ಖಾನೆಗಳಲ್ಲಿ, ಪುರುಸೊತ್ತಿಲ್ಲದ ಕೆಲಸ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯಿಂದ ಪಾರ್ಚ್‌ಮೆಂಟ್ (ತೊಳೆದು ಒಣಗಿಸಿದ, ಹೊಟ್ಟಿನ ಸಮೇತದ ಬೀಜ), ಚೆರ್ರಿ (ಇಡಿಯಾಗಿ ಒಣಗಿಸಿದ ಹಣ್ಣು) ಲೋಡು ಬರುತ್ತಲೇ ಇರುತ್ತದೆ. ಒಂದೇ ಸೂರಿನಡಿ ಸಿಪ್ಪೆ ಬಿಡಿಸುವ ಹಲ್ಲರ್, ಗಾತ್ರ ನೋಡಿ ವಿಂಗಡಿಸುವ ಗ್ರೇಡರ್, ಬಣ್ಣ ನೋಡಿ ಕೆಟ್ಟ ಬೀಜವನ್ನು ಗಾಳಿ ಊದಿ ಹೊರಹಾಕುವ ಕಲರ್ ಸಾರ್ಟರ್ ಓಡುತ್ತವೆ. ಪಕ್ಕದ ಗಾರ್ಬ್ಲಿಂಗ್ ಹಾಲ್‌ನಲ್ಲಿ ಹೆಂಗಸರು ಕೂತು ಕಪ್ಪು ಬೀಜ, ಒಡಕು ಬೀಜ ಆರಿಸುತ್ತಾರೆ. ಪ್ಲೈವುಡ್ ಅಡ್ಡಗೋಡೆಯ ಈಚೆ ರೈಟರ್ ಲಾಟ್ ನಂಬರ್, ಚೀಲದ ತೂಕ ಬರೆದುಕೊಳ್ಳುತ್ತಿರುತ್ತಾರೆ. ಹಾಲ್‌ನಲ್ಲಿ ರೇಡಿಯೊ ಹಾಡುತ್ತಿದೆ. "ಸ್ವಲ್ಪ ಸಣ್ಣ ಮಾಡ್ರಕ್ಕಾ" ಎಂದು ಆಫೀಸಿನಿಂದ ಕೂಗು ಬರುತ್ತದೆ. ಸಣ್ಣ ಮಾಡುತ್ತಾರೆ. ಹಲ್ಲರ್ ಶುರುವಾದ ಕೂಡಲೇ ಮತ್ತೆ ದೊಡ್ಡದಾಗುತ್ತದೆ.

ಈ ತಕರಾರಿನಲ್ಲಿ ಎಲ್ಲರ ಕಣ್ಣೂ ವಾಲ್ಯೂಮ್ ಗುಂಡಿಯ ಮೇಲಿರುತ್ತದೆ. ದೋಷ ಇರುವುದು ಹೆಚ್ಚಾಗಿ ಬೇರೆ ಕಡೆ. ಯಂತ್ರದ ಸದ್ದು ಹಾಲ್‌ಗೆ ನುಗ್ಗುತ್ತಿರುತ್ತದೆ, ಸ್ಟೇಷನ್ ಸರಿಯಾಗಿ ಸಿಗದೆ ಗರಗರ ಎನ್ನುತ್ತಿರುತ್ತದೆ, ಇಡೀ ಹಾಲ್‌ಗೆ ಒಂದೇ ಸ್ಪೀಕರ್ ಇರುತ್ತದೆ, ತಗಡಿನ ಚಾವಣಿಯಡಿ ಪ್ರತಿ ಮಾತೂ ಮಾರ್ದನಿಸುತ್ತಿರುತ್ತದೆ. ಈ ನಾಲ್ಕರಲ್ಲಿ ಯಾವುದಿದ್ದರೂ ಕೇಳುವವರು ವಾಲ್ಯೂಮ್ ಏರಿಸಲೇಬೇಕಾಗುತ್ತದೆ. ಅದನ್ನು ಸರಿಮಾಡಿದರೆ ಯಾರೂ ಹೇಳದೆಯೇ ರೇಡಿಯೊ ಇಳಿಯುತ್ತದೆ. ರೇಡಿಯೊವನ್ನೇ ಕಿತ್ತುಹಾಕುವುದನ್ನು ನಾವು ಪರಿಹಾರವೆಂದು ಒಪ್ಪುವುದಿಲ್ಲ. ದಿನವಿಡೀ ಒಂದೇ ಮಣೆಯ ಮೇಲೆ ಕೂತು ಕಣ್ಣು ಕೀಲಿಸಿ ಬೀಜ ಆರಿಸುವವರಿಗೆ ಹಾಡು ಬೇಕು, ಬೇಕೇಬೇಕು.

ಮೊದಲು ಅಳೆಯಿರಿ

ಮೊಬೈಲ್‌ನಲ್ಲಿ ಸದ್ದಿನ ಮಟ್ಟ ಅಳೆಯುವ ಆ್ಯಪ್ ಸಾಕು. ಐಫೋನ್ ಇದ್ದರೆ ಕೆಲಸಗಾರರ ಸುರಕ್ಷೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಯಾಶ್ (NIOSH) ಸಂಸ್ಥೆಯ ಉಚಿತ ಆ್ಯಪ್ ಒಳ್ಳೆಯದು. ಬೇರೆ ಫೋನ್‌ಗಳ ಅಂಕಿ ನಾಲ್ಕೈದು ಡೆಸಿಬೆಲ್ ಆಚೀಚೆ ಆಗಬಹುದು. ಆದರೆ ನಮಗಿಲ್ಲಿ ಬೇಕಾದದ್ದು ವ್ಯತ್ಯಾಸ, ಮತ್ತು ಒಂದೇ ಫೋನ್‌ನಲ್ಲಿ ಅಳೆದ ವ್ಯತ್ಯಾಸವನ್ನು ನಂಬಬಹುದು. ಸೆಟ್ಟಿಂಗ್ 'ಎ' (A-weighting) ಆಗಿರಲಿ, ಅದು ಮನುಷ್ಯನ ಕಿವಿ ಕೇಳುವ ರೀತಿಗೆ ಹೊಂದಿಸಿದ ಅಳತೆ. ಫೋನ್‌ನ ಕವರ್ ತೆಗೆದು, ಕೂತವರ ಕಿವಿಯ ಎತ್ತರದಲ್ಲಿ ಹಿಡಿದು, ಒಂದು ನಿಮಿಷದ ಸರಾಸರಿ ಬರೆದುಕೊಳ್ಳಿ.

ಅಳೆಯಬೇಕಾದ ಜಾಗ ಎರಡು: ರೈಟರ್ ಮೇಜು, ಮತ್ತು ಸ್ಪೀಕರ್‌ನಿಂದ ಅತಿ ದೂರ ಕೂರುವವರ ಜಾಗ. ಪ್ರತಿ ಜಾಗದಲ್ಲೂ ನಾಲ್ಕು ಸಲ ಅಳೆಯಿರಿ. ಊಟದ ಹೊತ್ತಿನಲ್ಲಿ ಎಲ್ಲ ನಿಂತಾಗ ಒಮ್ಮೆ, ಯಂತ್ರ ಮಾತ್ರ ಓಡುವಾಗ ಒಮ್ಮೆ, ರೇಡಿಯೊ ಮಾತ್ರ ಇದ್ದಾಗ ಒಮ್ಮೆ, ಎರಡೂ ಇದ್ದಾಗ ಒಮ್ಮೆ. ಮಾಮೂಲಿ ವಾಲ್ಯೂಮ್ ಎಲ್ಲಿರುತ್ತದೋ ಅಲ್ಲಿ ಗುಂಡಿಯ ಪಕ್ಕ ಪೇಂಟ್‌ನಲ್ಲಿ ಒಂದು ಚುಕ್ಕೆ ಇಡಿ. ಇಲ್ಲದಿದ್ದರೆ ನಾಳೆಯ ಅಳತೆಯನ್ನು ಇವತ್ತಿನದರ ಜೊತೆ ಹೋಲಿಸಲಾಗದು.

ಡೆಸಿಬೆಲ್ ಅನ್ನು ನೇರ ಕೂಡಲು ಬರುವುದಿಲ್ಲ. ಸಮಸಮ ಎರಡು ಸದ್ದು ಸೇರಿದರೆ 3 ಮಾತ್ರ ಏರುತ್ತದೆ. ಎರಡು ಸದ್ದಿನ ನಡುವೆ 10 ಡೆಸಿಬೆಲ್ ಅಂತರವಿದ್ದರೆ ಸಣ್ಣದು ಲೆಕ್ಕಕ್ಕೇ ಬರುವುದಿಲ್ಲ. ಉದಾಹರಣೆಗೆ, ರೈಟರ್ ಮೇಜಿನ ಬಳಿ ಯಂತ್ರ ಮಾತ್ರ 66, ರೇಡಿಯೊ ಮಾತ್ರ 58 ಎಂದಿಟ್ಟುಕೊಳ್ಳಿ. ಎರಡೂ ಸೇರಿದರೆ 66.6. ರೇಡಿಯೊ ಪೂರ್ತಿ ನಿಲ್ಲಿಸಿದರೂ ಒಂದು ಡೆಸಿಬೆಲ್ ಕೂಡ ಇಳಿಯುವುದಿಲ್ಲ!

ಆದರೂ ರೈಟರ್‌ಗೆ ಕಿರಿಕಿರಿಯಾಗುವುದು ರೇಡಿಯೊದಿಂದಲೇ, ಮತ್ತು ಅದು ಅವರ ಭ್ರಮೆಯಲ್ಲ. ಅಂಕಿಗಳನ್ನು ಅನುಕ್ರಮವಾಗಿ ನೆನಪಿಟ್ಟು ಬರೆಯುವ ಕೆಲಸಕ್ಕೆ ಹಿನ್ನೆಲೆಯ ಮಾತು ಅಡ್ಡಿಪಡಿಸುತ್ತದೆ. 1976ರಲ್ಲಿ ಕೋಲ್ ಮತ್ತು ವೆಲ್ಶ್ ಎಂಬ ಮನೋವಿಜ್ಞಾನಿಗಳು ತೋರಿಸಿದಂತೆ, ಕೇಳುವವರಿಗೆ ಅರ್ಥವಾಗದ ಭಾಷೆಯ ಮಾತು ಕೂಡ ಈ ತೊಂದರೆ ಕೊಡುತ್ತದೆ. ಏಕತಾನದ ಫ್ಯಾನ್ ಸದ್ದು ಅಷ್ಟು ಕೆಡಿಸುವುದಿಲ್ಲ. ಏರಿಳಿಯುತ್ತಾ, ಕಡಿದು ಕಡಿದು ಬರುವ ಮಾತು ಕೆಡಿಸುತ್ತದೆ. ಹಾಗಾಗಿ ಹಾಲ್‌ನಲ್ಲಿ ಮಾತು ಸ್ಪಷ್ಟವಾಗಿ ಕೇಳಬೇಕು, ಆಫೀಸಿನಲ್ಲಿ ಕೇಳಲೇಬಾರದು. ಈ ಎರಡು ಗುರಿ ಬೇರೆಬೇರೆ ಎಂಬುದು ಗೊತ್ತಿದ್ದರೆ ಮುಂದಿನ ಕೆಲಸ ಗೋಜಲಾಗದು.

ಯಂತ್ರದ ಸದ್ದು: ಅರ್ಧಕ್ಕರ್ಧ ಸಮಸ್ಯೆ ಇಲ್ಲೇ

ಮಾತು ಅರ್ಥವಾಗಬೇಕಾದರೆ ಅದು ಹಿನ್ನೆಲೆ ಸದ್ದಿಗಿಂತ 5ರಿಂದ 10 ಡೆಸಿಬೆಲ್ ಮೇಲಿರಬೇಕು. ಹಾಲ್‌ನಲ್ಲಿ ಯಂತ್ರದ ಸದ್ದು 70 ಇದ್ದರೆ ರೇಡಿಯೊ 75 ದಾಟಲೇಬೇಕು. ಜೊತೆಗೆ, ಸದ್ದಿನ ನಡುವೆ ಮನುಷ್ಯ ತಿಳಿಯದೆಯೇ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಲೊಂಬಾರ್ 1911ರಲ್ಲೇ ಇದನ್ನು ಗುರುತಿಸಿದ್ದ. ಯಂತ್ರ ಏರಿತು, ಮಾತು ಏರಿತು, ಮಾತಿನ ಮೇಲೆ ರೇಡಿಯೊ ಏರಿತು. ಈ ಏಣಿಯ ಕೆಳಗಿನ ಮೆಟ್ಟಿಲು ಯಂತ್ರ.

ಯಾವ ಯಂತ್ರ ಎಂದು ಕಂಡುಹಿಡಿಯಲು ಒಂದು ಲಾಟ್ ಮುಗಿದು ಇನ್ನೊಂದು ಹಾಕುವ ಮೊದಲಿನ ಬಿಡುವು ಬಳಸಿ. ಎಲ್ಲ ನಿಲ್ಲಿಸಿ, ಒಂದೊಂದನ್ನೇ ಖಾಲಿ ಓಡಿಸಿ ಅಳೆಯಿರಿ. ಆಮೇಲೆ ಕಾಫಿ ಹಾಕಿ ಅಳೆಯಿರಿ. ಖಾಲಿ ಓಡುವಾಗಲೂ ಅಷ್ಟೇ ಸದ್ದಿದ್ದರೆ ದೋಷ ಬೇರಿಂಗ್, ಬೆಲ್ಟ್, ಬ್ಲೋವರ್ ಕಡೆ. ಕಾಫಿ ಬಿದ್ದಾಗ ಮಾತ್ರ ಸದ್ದು ಹಾರಿದರೆ ದೋಷ ತಗಡಿನ ಕಡೆ.

ಕಾಫಿ ಬಿದ್ದಾಗ ಏಳುವ ಸದ್ದನ್ನು ಬಹಳ ಜನ ಮರೆತೇಬಿಡುತ್ತಾರೆ. ಕಾಫಿಯನ್ನು ಮೇಲೆತ್ತುವ ಎಲಿವೇಟರ್‌ನ ತಲೆಯಿಂದ ಗ್ರೇಡರ್ ಹಾಪರ್‌ಗೆ (ಕಾಫಿ ತುಂಬುವ ತೊಟ್ಟಿಗೆ) ಬರುವ ತಗಡಿನ ಇಳಿಜಾರಿನ ಪಕ್ಕ ನಿಂತು ನೋಡಿ. ಒಣಗಿದ ಬೀಜ ಗಟ್ಟಿ ಕಲ್ಲಿನಂತಿರುತ್ತದೆ. ಸಾವಿರಾರು ಬೀಜ ಒಂದೇ ಸಮನೆ ತೆಳು ತಗಡಿಗೆ ಬಡಿದು, ಇಡೀ ಇಳಿಜಾರು ಡೋಲಿನ ಚರ್ಮದಂತೆ ಕಂಪಿಸುತ್ತದೆ. ಬೆರಳ ಗೆಣ್ಣಿನಿಂದ ತಗಡನ್ನು ಕುಟ್ಟಿ. ಠಣ್ಣೆಂದು ಎಳೆದರೆ ಅಲ್ಲಿ ಕೆಲಸವಿದೆ, ದಬ್ಬೆಂದು ಅಲ್ಲೇ ಸತ್ತರೆ ಸರಿಯಿದೆ.

ಇದಕ್ಕೆ ಎರಡು ಮದ್ದು. ಒಂದು, ಬೀಳುವ ಎತ್ತರ ಕಡಿಮೆ ಮಾಡುವುದು. ಎತ್ತರ ಅರ್ಧವಾದರೆ ಡಿಕ್ಕಿಯ ಶಕ್ತಿಯೂ ಅರ್ಧ. ಹಾಪರ್ ಪೂರ್ತಿ ಖಾಲಿಯಾಗಲು ಬಿಡದೆ ತಳದಲ್ಲಿ ಒಂದು ಪದರ ಕಾಫಿ ಉಳಿಯುವಂತೆ ಗೇಟ್ ಹೊಂದಿಸಿದರೆ, ಬೀಜ ಬೀಜದ ಮೇಲೆ ಬೀಳುತ್ತದೆ, ತಗಡಿನ ಮೇಲಲ್ಲ. ಖರ್ಚಿಲ್ಲದ ಕೆಲಸ ಇದು. ಎರಡನೆಯದು, ತಗಡಿನ ಹೊರಮೈಗೆ ಕಾರಿನ ಬಾಗಿಲಿಗೆ ಅಂಟಿಸುವ 2 ಮಿ.ಮೀ. ಬ್ಯುಟೈಲ್ ಡ್ಯಾಂಪಿಂಗ್ ಶೀಟ್ ಹಚ್ಚುವುದು. ಪೂರ್ತಿ ಮುಚ್ಚಬೇಕಿಲ್ಲ. ಪ್ರತಿ ಫಲಕದ ನಡುಭಾಗದಲ್ಲಿ ಅರ್ಧದಷ್ಟು ಮುಚ್ಚಿದರೆ ಸಾಕು, ಕಂಪನ ಹೆಚ್ಚಿರುವುದು ಅಲ್ಲೇ.

ಒಳಮೈಗೆ ಮಾತ್ರ ಹಳೆ ಟ್ಯೂಬ್ ರಬ್ಬರ್, ಡಾಂಬರು ಶೀಟ್, ಗಮ್ ಯಾವುದನ್ನೂ ಮುಟ್ಟಿಸಬೇಡಿ. ಕಾಫಿ ಬೀಜ ವಾಸನೆ ಹೀರುತ್ತದೆ. ರಬ್ಬರ್ ವಾಸನೆ ಹಿಡಿದ ಲಾಟ್ ಕಪ್ಪಿಂಗ್‌ನಲ್ಲಿ (ಕಾಫಿ ಕುಡಿದು ರುಚಿ ನೋಡುವ ಪರೀಕ್ಷೆಯಲ್ಲಿ) ಸಿಕ್ಕಿಬೀಳುತ್ತದೆ. ಒಳಗೆ ಹಾಕಲೇಬೇಕಾದರೆ ಆಹಾರಕ್ಕೆ ಯೋಗ್ಯವಾದ 6 ಮಿ.ಮೀ. ಪಾಲಿಯುರೆಥೇನ್ ಶೀಟ್ ತಂದು, ತಲೆ ಒಳಗೆ ಮುಳುಗುವ ಸ್ಕ್ರೂ ಹಾಕಿ, ಹೊರಗಡೆ ಲಾಕ್ ನಟ್ ಬಿಗಿಯಿರಿ. ಸಾದಾ ನಟ್ ಕಂಪನಕ್ಕೆ ಸಡಿಲವಾಗಿ, ಸ್ಕ್ರೂ ಕಾಫಿಯೊಳಗೆ ಬೀಳುತ್ತದೆ.

ಶುರುವಾಗುವಾಗ ಮಾತ್ರ ಬೆಲ್ಟ್ ಕೀಚಲಿಟ್ಟರೆ ಅದು ಸಡಿಲವಾಗಿದೆ ಎಂದರ್ಥ. ಎರಡು ಪುಲ್ಲಿಗಳ ನಡುವೆ 1 ಮೀಟರ್ ಅಂತರವಿದ್ದರೆ, ನಡುವೆ ಒತ್ತಿದಾಗ ಸುಮಾರು 16 ಮಿ.ಮೀ. ಬಗ್ಗಬೇಕು. ಒಂದೇ ಪುಲ್ಲಿಯಲ್ಲಿ ಮೂರು ಬೆಲ್ಟ್ ಇದ್ದರೆ ಮೂರನ್ನೂ ಒಟ್ಟಿಗೆ ಬದಲಿಸಿ. ಹಳತರ ಜೊತೆ ಹೊಸತು ಹಾಕಿದರೆ ಭಾರವೆಲ್ಲ ಹೊಸದರ ಮೇಲೆ ಬೀಳುತ್ತದೆ. ಒಂದೇ ಲಯದಲ್ಲಿ ಗರಗರ ಬಂದರೆ ಬೇರಿಂಗ್. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಬೇರಿಂಗ್ ಮನೆಗೆ ಒತ್ತಿ ಹಿಡಿಕೆಯನ್ನು ಕಿವಿಗೆ ಆನಿಸಿದರೆ ಯಾವ ಬೇರಿಂಗ್ ಎಂದು ತಿಳಿಯುತ್ತದೆ. ಗಾರ್ಡ್ ಹಾಕಿದ ಕಡೆ ಮಾತ್ರ ಹೀಗೆ ಮಾಡಿ. ಸೆರಗು, ಟವೆಲ್, ಕೂದಲು ಬೆಲ್ಟ್ ಹತ್ತಿರ ಸುಳಿಯಬಾರದು. ಸದ್ದು ನಿಲ್ಲಲಿ ಎಂದು ಗ್ರೀಸ್ ತುಂಬಿ ತುಂಬಿ ಹೊಡೆಯುವುದೂ ತಪ್ಪು. ಹೆಚ್ಚಾದ ಗ್ರೀಸ್ ಬೇರಿಂಗ್ ಅನ್ನು ಬಿಸಿ ಮಾಡುತ್ತದೆ.

ಕಲರ್ ಸಾರ್ಟರ್ ಇರುವಲ್ಲಿ ಕಂಪ್ರೆಸರ್ ಇದ್ದೇ ಇರುತ್ತದೆ. ಸಂಜೆ ಎಲ್ಲ ಯಂತ್ರ ನಿಂತ ಮೇಲೆ ಟ್ಯಾಂಕ್‌ನಲ್ಲಿ ಪೂರ್ತಿ ಗಾಳಿ ಇಟ್ಟುಕೊಂಡು ಪೈಪ್ ಉದ್ದಕ್ಕೂ ನಡೆಯಿರಿ. ಸುಸ್ ಎನ್ನುವ ಕಡೆ ಸೋಪು ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ. ಸೋರಿಕೆ ಮುಚ್ಚಿದರೆ ಸದ್ದೂ ತಗ್ಗುತ್ತದೆ, ಕಂಪ್ರೆಸರ್ ಪದೇಪದೇ ಆನ್ ಆಗುವುದೂ ನಿಲ್ಲುತ್ತದೆ. ಗಾಳಿ ಹೊರಬಿಡುವ ವಾಲ್ವ್‌ಗಳ ಬಾಯಿಗೆ ಕಂಚಿನ ಸೈಲೆನ್ಸರ್ ತಿರುಗಿಸಿ ಹಾಕಿ. ಧೂಳು ಕಟ್ಟಿದಾಗ ತೆಗೆದು ತೊಳೆಯಬೇಕು. ಕಂಪ್ರೆಸರ್ ಅನ್ನೇ ಹೊರಗಿನ ಚಿಕ್ಕ ಶೆಡ್‌ಗೆ ಸಾಗಿಸುವುದು ಎಲ್ಲಕ್ಕಿಂತ ಒಳ್ಳೆಯದು. ಗಾಳಿ ಎಳೆದುಕೊಳ್ಳುವ ಬಾಯಿ ಆಫೀಸಿನ ಕಡೆ ಮುಖ ಮಾಡಿರಬಾರದು, ಬಿಸಿ ಹೋಗಲು ಎರಡು ಕಡೆ ತೆರವಿರಬೇಕು.

ಜನರೇಟರ್‌ಗೆ ಕವಚದಿಂದ 1 ಮೀಟರ್ ದೂರದಲ್ಲಿ 75 ಡೆಸಿಬೆಲ್ ಎಂಬ ಮಿತಿ ಇದೆ. ಅದಕ್ಕಿಂತ ಹೆಚ್ಚು ಬಂದರೆ ಮೊದಲು ಕವಚದ ಬಾಗಿಲಿನ ರಬ್ಬರ್ ನೋಡಿ. ಬಾಗಿಲು ತೆರೆದಿಟ್ಟೇ ಓಡಿಸುವ ಅಭ್ಯಾಸ ಅನೇಕ ಕಡೆ ಇದೆ.

ಸ್ಟೇಷನ್ ಶುದ್ಧವಾಗಿ ಸಿಕ್ಕರೆ ಸಣ್ಣ ದನಿಯೇ ಸಾಕು

ಇಲ್ಲಿನ ಹಾಲ್‌ಗಳಲ್ಲಿ ಕೇಳುವುದು ಹೆಚ್ಚಾಗಿ ಆಕಾಶವಾಣಿ ಹಾಸನ, 102.2 ಮೆಗಾಹರ್ಟ್ಸ್. ಹಾಸನ ಊರೊಳಗೆ ಅದು ಸುಲಭವಾಗಿ ಸಿಗುತ್ತದೆ, ಆದರೆ ತಗಡಿನ ಚಾವಣಿಯಡಿ ಸೆಟ್ಟಿನ ಕಡ್ಡಿ ಆಂಟೆನಾ ಕುರುಡಾಗುತ್ತದೆ. ಚಿಕ್ಕಮಗಳೂರಿನಲ್ಲಿ ಇನ್ನೊಂದು ತೊಡಕಿದೆ. ಸಿಗ್ನಲ್ ಆಗ್ನೇಯದಿಂದ ಬರುತ್ತದೆ, ಉತ್ತರಕ್ಕೆ ಬಾಬಾಬುಡನ್ ಸಾಲು ಎದ್ದು ನಿಂತಿದೆ. ಬೆಟ್ಟಕ್ಕೆ ಬಡಿದು ಹಿಂದಿರುಗಿದ ಅಲೆ ನೇರ ಅಲೆಯ ಜೊತೆ ಸೇರಿದರೆ ಸ, ಶ ಅಕ್ಷರಗಳು ಹರಿದಂತೆ ಕೇಳುತ್ತವೆ. ಮಾತು ಹರಿದಾಗ ಅರ್ಥವಾಗಲಿ ಎಂದು ವಾಲ್ಯೂಮ್ ಏರಿಸುತ್ತಾರೆ. ಹರಿದ ಮಾತು ಇನ್ನಷ್ಟು ಜೋರಾಗಿ ಕೇಳುತ್ತದೆಯೇ ಹೊರತು ಸರಿಯಾಗುವುದಿಲ್ಲ.

ಆಂಟೆನಾ ಮಾಡುವುದು ಕಷ್ಟವಲ್ಲ. ತಲಾ 70 ಸೆಂ.ಮೀ. ಉದ್ದದ ಎರಡು ಅಲ್ಯೂಮಿನಿಯಂ ಪೈಪುಗಳನ್ನು ಒಂದೇ ಗೆರೆಯಲ್ಲಿ, ನಡುವೆ ಎರಡು ಸೆಂ.ಮೀ. ಬಿಟ್ಟು ಪ್ಲಾಸ್ಟಿಕ್ ತುಂಡಿನ ಮೇಲೆ ಕೂರಿಸಿ. ಡಿಶ್ ಟಿ.ವಿ.ಗೆ ಬಳಸುವ ಆರ್‌ಜಿ-6 ಕೇಬಲ್‌ನ ನಡುತಂತಿ ಒಂದು ಪೈಪಿಗೆ, ಹೊರಜಾಲರಿ ಇನ್ನೊಂದಕ್ಕೆ. ಇದನ್ನು ಚಾವಣಿಯ ಮೇಲೆ ಒಂದು ಮೀಟರ್ ಎತ್ತರದಲ್ಲಿ ನಿಲ್ಲಿಸಿ. ಚಿಕ್ಕಮಗಳೂರಿನಲ್ಲಾದರೆ ಪೈಪು ಈಶಾನ್ಯ-ನೈಋತ್ಯವಾಗಿ ಮಲಗಿರಲಿ. ಆಗ ಅದರ ಅಗಲದ ಮೈ ಹಾಸನದ ಕಡೆ ಇರುತ್ತದೆ. ಅಡ್ಡ ಇಟ್ಟೂ ನೋಡಿ, ಲಂಬವಾಗಿಯೂ ನೋಡಿ, ಶುದ್ಧವಾಗಿ ಬಂದದ್ದನ್ನು ಉಳಿಸಿಕೊಳ್ಳಿ. ಈ ಸಾದಾ ಆಂಟೆನಾ ಮುಂದಿನಿಂದ ಬಂದಷ್ಟನ್ನೇ ಹಿಂದಿನಿಂದಲೂ ಹಿಡಿಯುತ್ತದೆ. ಬೆಟ್ಟದ ಪ್ರತಿಫಲನ ಹಿಂದಿನಿಂದ ಕಾಡಿದರೆ ಒಂದೇ ದಿಕ್ಕಿನಿಂದ ಹೆಚ್ಚು ಹಿಡಿಯುವ ಮೂರು ಕಡ್ಡಿಯ ಯಾಗಿ ಆಂಟೆನಾ ಬೇಕು. ಮಿಂಚಿನ ಕಾಲ ಬರುವ ಮುನ್ನ ಕಂಬಕ್ಕೆ ಅರ್ಥಿಂಗ್ ಕೊಡಿಸಿ, ಗುಡುಗು ಶುರುವಾದರೆ ಕೇಬಲ್ ಕಳಚಿ.

ಸದ್ದಿನ ಬಗೆ ನೋಡಿ ದೋಷ ಹೇಳಬಹುದು. ಬರೀ ಸುಯ್ ಎಂದರೆ ಸಿಗ್ನಲ್ ಸಾಲದು. ಗುಂಯ್ ಎಂದರೆ ವಾಲ್ಯೂಮ್ ಸೊನ್ನೆ ಮಾಡಿ ನೋಡಿ. ಆಗಲೂ ಗುಂಯ್ ಉಳಿದರೆ ಸೆಟ್ಟಿನ ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರ್ ಒಣಗಿದೆ. ಅದೇ ಮೈಕ್ರೊಫ್ಯಾರಡ್‌ನದು, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜ್‌ನದು ಹಾಕಿಸಿ. ವಾಲ್ಯೂಮ್ ಜೊತೆ ಗುಂಯ್ ಏರಿಳಿದರೆ ಅದು ಒಳಬರುವ ತಂತಿಯಿಂದ ಬರುತ್ತಿದೆ. ಚಟಪಟ, ಬರ್ ಎಂಬ ಸದ್ದಾದರೆ ಸೆಟ್ಟನ್ನು ಸೆಲ್ ಹಾಕಿ ನಡೆಸಿ. ನಿಂತುಹೋದರೆ ಕರೆಂಟ್ ಲೈನ್ ಮೂಲಕ ಬರುತ್ತಿತ್ತು, ಯಂತ್ರಗಳಿಲ್ಲದ ಬೇರೆ ಸರ್ಕ್ಯೂಟ್‌ನಿಂದ ಪ್ಲಗ್ ಕೊಡಿ. ನಿಲ್ಲದಿದ್ದರೆ ಗಾಳಿಯಲ್ಲಿ ಬರುತ್ತಿದೆ, ಎಲ್‌ಇಡಿ ಟ್ಯೂಬ್‌ಗಳನ್ನು ಒಂದೊಂದಾಗಿ ಆರಿಸಿ ನೋಡಿ. ಅಗ್ಗದ ಎಲ್‌ಇಡಿ ಡ್ರೈವರ್, ಮೊಬೈಲ್ ಚಾರ್ಜರ್‌ಗಳು ಎಫ್‌ಎಂ ಕೆಡಿಸುವುದರಲ್ಲಿ ಮುಂದು. ಮೋಟರಿನ ವೇಗ ಹೊಂದಿಸುವ ವಿಎಫ್‌ಡಿ ಹೆಚ್ಚಾಗಿ ಕಾಡುವುದು ಮೀಡಿಯಂ ವೇವ್ ಅನ್ನು.

ಒಂದು ದೊಡ್ಡ ಬಾಕ್ಸ್ ಬದಲು ಆರು ಚಿಕ್ಕವು

ತೆರೆದ ಜಾಗದಲ್ಲಿ ದೂರ ಎರಡು ಪಟ್ಟಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಹಾಲ್‌ನ ಮೂಲೆಯ ಒಂದೇ ಬಾಕ್ಸ್ ಕೊನೆಯವರಿಗೆ ಕೇಳಬೇಕಾದರೆ, ಅದರ ಪಕ್ಕ ಕೂತವರ ಕಿವಿ ಗುಯ್‌ಗುಡಬೇಕು. ಸಾಲು ಮೇಜುಗಳ ಮೇಲೆ ಮೂರು ಮೀಟರ್‌ಗೆ ಒಂದರಂತೆ, ಎರಡೂವರೆ ಮೀಟರ್ ಎತ್ತರದಲ್ಲಿ, ಕೆಳಮುಖವಾಗಿ ಚಿಕ್ಕ ಸ್ಪೀಕರ್ ಹಾಕಿ. ಸಾರ್ವಜನಿಕ ಮೈಕ್ ಸೆಟ್‌ಗಳಲ್ಲಿ ಬಳಸುವ 100 ವೋಲ್ಟ್ ಲೈನ್‌ನ 6 ವಾಟ್ ಸ್ಪೀಕರ್‌ಗಳಾದರೆ ಒಂದೇ ಜೋಡಿ ತಂತಿಯಲ್ಲಿ ಎಲ್ಲವನ್ನೂ ಜೋಡಿಸಬಹುದು, ಸ್ಪೀಕರ್ ಹಿಂಬದಿಯ ಟ್ಯಾಪ್ (ಎಷ್ಟು ವಾಟ್ ಎಂದು ಆರಿಸುವ ಕೊಂಡಿ) ಬದಲಿಸಿ ಒಂದೊಂದರ ಮಟ್ಟ ಹೊಂದಿಸಬಹುದು. 6 ವಾಟ್‌ನಿಂದ 1.5ಕ್ಕೆ ಇಳಿಸಿದರೆ 6 ಡೆಸಿಬೆಲ್ ಕಡಿಮೆ. ಆಫೀಸ್ ಗೋಡೆಯ ಪಕ್ಕದವು ಸಣ್ಣ ಟ್ಯಾಪ್‌ನಲ್ಲಿರಲಿ. ಎಲ್ಲ ಸ್ಪೀಕರ್‌ಗಳ ಟ್ಯಾಪ್ ಸೇರಿಸಿದ ಮೊತ್ತ ಆಂಪ್ಲಿಫೈಯರ್‌ನ ವಾಟ್ ಮೀರಬಾರದು.

ಹಾಲ್ ಮಧ್ಯೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದಿನ ಬಾಲ, ಅಂದರೆ ಮಾರ್ದನಿ ಅಡಗಲು ಹಿಡಿಯುವ ಹೊತ್ತು, ಎರಡು ಸೆಕೆಂಡ್ ದಾಟಿದರೆ ಮಾತು ಕಲಸಿಹೋಗುತ್ತದೆ. 20 ಮೀಟರ್ ಉದ್ದ, 10 ಅಗಲ, 5 ಎತ್ತರದ ಹಾಲ್‌ನಲ್ಲಿ ನಲವತ್ತು ಜನ ಕೂತಿದ್ದಾಗಲೂ ಸಿಮೆಂಟು, ತಗಡು, ಜನ ಎಲ್ಲ ಸೇರಿ ಸದ್ದು ಹೀರುವುದು ಸುಮಾರು 44 ಚದರ ಮೀಟರ್ ತೆರೆದ ಕಿಟಕಿಗೆ ಸಮ. ಮಾರ್ದನಿಯ ಹೊತ್ತು ಲೆಕ್ಕ ಹಾಕುವ ಸಬೈನ್ ಸೂತ್ರದ ಪ್ರಕಾರ ಬಾಲ 3.7 ಸೆಕೆಂಡ್. 50 ಮಿ.ಮೀ. ದಪ್ಪದ, ಸದ್ದು ಹೀರುವ ಫಲಕ 60 ಚದರ ಮೀಟರ್ ತೂಗಿಹಾಕಿದರೆ ಅದು 1.75ಕ್ಕೆ ಇಳಿಯುತ್ತದೆ. ಸದ್ದಿನ ಮಟ್ಟ ತಗ್ಗುವುದು 3 ಡೆಸಿಬೆಲ್ ಅಷ್ಟೇ, ಆದರೆ ಮಾತು ಬಿಡಿಸಿ ಕೇಳುತ್ತದೆ. ಫಲಕಕ್ಕೆ ಪಾಲಿಯೆಸ್ಟರ್ ಫೈಬರ್ ಆರಿಸಿಕೊಳ್ಳಿ. ರಾಕ್‌ವೂಲ್ ಚೆನ್ನಾಗಿ ಹೀರುತ್ತದಾದರೂ ಅದರ ಎಳೆ ಉದುರಿ ಕಾಫಿಗೆ ಬೀಳುವ ಭಯವಿದೆ. ಮೊಟ್ಟೆ ಟ್ರೇ, ಥರ್ಮೊಕೋಲ್ ಯಾವ ಕೆಲಸಕ್ಕೂ ಬಾರವು. ಬೆಂಕಿಗೂ ಇಲಿಗೂ ಆಹ್ವಾನ. ಖಾಲಿ ಗೋಣಿಚೀಲ ಒಂದು ಪದರ ತೂಗಿಹಾಕಿದರೆ ಯಂತ್ರದ ತಗ್ಗು ಸದ್ದಿಗೆ ಏನೂ ಆಗದು.

ಆಫೀಸಿನ ಅಡ್ಡಗೋಡೆ

ಗೋಡೌನ್ ಆಫೀಸುಗಳ ದೊಡ್ಡ ದೋಷ ತಲೆಯೆತ್ತಿ ನೋಡಿದರೆ ಕಾಣುತ್ತದೆ: ಅಡ್ಡಗೋಡೆ ಏಳಡಿಗೆ ನಿಂತಿರುತ್ತದೆ, ಮೇಲೆ ಚಾವಣಿಯವರೆಗೆ ಬಯಲು. ಗಾಜು ದಪ್ಪ ಮಾಡಿದರೂ, ಬಾಗಿಲು ಬದಲಿಸಿದರೂ ಸದ್ದು ಮೇಲಿನಿಂದ ಹಾರಿ ಬರುತ್ತದೆ. ಆಫೀಸಿಗೆ ತನ್ನದೇ ಮುಚ್ಚಿಗೆ ಕೊಡಿ, ಇಲ್ಲವೇ ಗೋಡೆಯನ್ನು ಚಾವಣಿಗೆ ಮುಟ್ಟಿಸಿ. ಆಮೇಲೆ ಸಂದುಗಳ ಕಡೆ ನೋಡಿ. ಗೋಡೆಯ ನೂರರಲ್ಲಿ ಒಂದು ಪಾಲು ತೆರೆದಿದ್ದರೂ 20 ಡೆಸಿಬೆಲ್‌ಗಿಂತ ಹೆಚ್ಚು ತಡೆಯಲು ಅದರಿಂದ ಆಗದು, ಮಿಕ್ಕದ್ದು ಒಂಬತ್ತಿಂಚಿನ ಇಟ್ಟಿಗೆಯೇ ಆಗಿರಲಿ. ಬಾಗಿಲಿನ ಕೆಳಗೆ ಬ್ರಷ್ ಅಥವಾ ರಬ್ಬರ್ ಪಟ್ಟಿ, ಚೌಕಟ್ಟಿನ ಸುತ್ತ ರಬ್ಬರ್ ಬೀಡಿಂಗ್, ವೈರ್ ಹೋಗುವ ತೂತಿಗೆ ಸೀಲೆಂಟ್ ಹಾಕಿ. ಚೀಟಿ ಕೊಡುವ ಕಿಂಡಿಗೆ ಜಾರುವ ಗಾಜು ಇರಲಿ.

ಇಷ್ಟಾದ ಮೇಲೂ ಮಾತು ಅಲ್ಪಸ್ವಲ್ಪ ತೂರಿಬಂದರೆ, ಆಫೀಸಿನೊಳಗೆ 40ರಿಂದ 45 ಡೆಸಿಬೆಲ್‌ನ ಸಮನಾದ ಫ್ಯಾನ್ ಸದ್ದು ಇದ್ದರೆ ಒಳ್ಳೆಯದೇ. ಅದು ಪದಗಳ ಅಂಚನ್ನು ಮುಚ್ಚುತ್ತದೆ. ಗುಂಯ್‌ಗುಡುವ ಹಳೆ ರೆಗ್ಯುಲೇಟರ್ ಇರುವ ಫ್ಯಾನ್ ಬೇಡ.

ಮಾತಾಡಿ ತೀರ್ಮಾನಿಸುವುದು

ಲಾಟ್ ತೂಕ ಹಾಕುವ, ಲೆಕ್ಕ ತಾಳೆ ನೋಡುವ ಹೊತ್ತು ಯಾವುದು ಎಂದು ರೈಟರ್ ಮೊದಲೇ ಹೇಳಲಿ. ಆ ಹೊತ್ತಿನಲ್ಲಿ ವಾರ್ತೆ, ಚರ್ಚೆ ಬೇಡ, ವಾದ್ಯ ಸಂಗೀತ ಸಾಕು. ಯಾವ ಸ್ಟೇಷನ್, ಯಾವಾಗ ಬಂದ್ ಎಂಬುದನ್ನು ಹಾಲ್‌ನಲ್ಲಿ ಕೂರುವವರೇ ನಿರ್ಧರಿಸಬೇಕು, ಮೇಸ್ತ್ರಿ ಅಲ್ಲ. ರೇಡಿಯೊ ಬೇಡವೆನ್ನುವ ಅಕ್ಕಂದಿರೂ ಅಲ್ಲಿರುತ್ತಾರೆ, ಅವರಿಗೆ ಸಣ್ಣ ಟ್ಯಾಪ್‌ನ ಸ್ಪೀಕರ್ ಕೆಳಗಿನ ಸಾಲು ಕೊಡಿ. ಟ್ರಾಕ್ಟರ್, ಲಾರಿ, ಬೆಲ್ಟ್ ಓಡಾಡುವ ಕಡೆ ಯಾರೂ ಕಿವಿಗೆ ಇಯರ್‌ಫೋನ್ ಹಾಕಬಾರದು.

ಕಿವಿ ಕಾಯುವುದು

ಹಲ್ಲರ್ ಬಳಿ ಒಂದು ತೋಳಿನಷ್ಟು ದೂರದವರ ಜೊತೆ ಕೂಗಿ ಮಾತಾಡಬೇಕಾದರೆ ಅಲ್ಲಿ ಸುಮಾರು 85 ಡೆಸಿಬೆಲ್ ಇದೆ. ನಮ್ಮ ಕಾರ್ಖಾನೆ ನಿಯಮಗಳಲ್ಲಿ ಬಹುಕಾಲದಿಂದ ಬಂದ ಮಿತಿ 8 ಗಂಟೆಗೆ 90. ನಯಾಶ್ 85 ಎನ್ನುತ್ತದೆ, ಮತ್ತು ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಸಮಯ ಅರ್ಧವಾಗಬೇಕು ಎನ್ನುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2. ಈ ಎರಡನೆಯ ಲೆಕ್ಕವನ್ನೇ ಪಾಲಿಸಿ. ಅಂಥ ಜಾಗದಲ್ಲಿ ರೇಡಿಯೊ ಇಡಬೇಡಿ. ಅದು ಕೇಳಬೇಕಾದರೆ 90 ದಾಟಲೇಬೇಕು.

ಫೋಮ್ ಇಯರ್‌ಪ್ಲಗ್ ಕೊಟ್ಟು ಸುಮ್ಮನಾಗಬೇಡಿ, ಹಾಕುವುದನ್ನು ತೋರಿಸಿ. ಕೈ ತೊಳೆದು, ಪ್ಲಗ್ ಅನ್ನು ಬೆರಳ ನಡುವೆ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು, ಒಳಗೆ ತೂರಿಸಿ, ಉಬ್ಬುವವರೆಗೆ ಅರ್ಧ ನಿಮಿಷ ಬೆರಳಲ್ಲಿ ಒತ್ತಿ ಹಿಡಿಯಬೇಕು. ಕಾಫಿಗೆ ಬಿದ್ದರೆ ಕಾಣುವಂತೆ ಕಣ್ಣಿಗೆ ಹೊಡೆಯುವ ಬಣ್ಣದ, ದಾರ ಇರುವ ಪ್ಲಗ್ ತರಿಸಿ.

ಹಲ್ಲರ್, ಗ್ರೇಡರ್ ನೋಡಿಕೊಳ್ಳುವವರಿಗೆ ಸೀಸನ್ ಶುರುವಾಗುವ ಮುನ್ನ ಒಮ್ಮೆ, ಮುಗಿದ ಮೇಲೆ ಒಮ್ಮೆ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ಆಡಿಯೊಮೆಟ್ರಿ (ಕಿವಿ ಎಷ್ಟು ಕೇಳುತ್ತದೆ ಎಂಬ ಪರೀಕ್ಷೆ) ಮಾಡಿಸಿ. ಪರೀಕ್ಷೆಗೆ ಮುಂಚೆ 14 ಗಂಟೆ ಯಂತ್ರದ ಹತ್ತಿರ ಹೋಗಿರಬಾರದು, ಹಾಗಾಗಿ ಬೆಳಗ್ಗೆ ಕೆಲಸಕ್ಕೆ ಇಳಿಯುವ ಮೊದಲೇ ಕಳಿಸಿ. ಸದ್ದಿನಿಂದಾದ ಹಾನಿ ಮೊದಲು ಕೀರಲು ದನಿಯ 4000 ಹರ್ಟ್ಸ್ ಆಸುಪಾಸು ಕಾಣಿಸಿಕೊಳ್ಳುತ್ತದೆ. ಆ ಹಂತದಲ್ಲಿ ಮಾತು ಇನ್ನೂ ಚೆನ್ನಾಗಿಯೇ ಕೇಳುತ್ತಿರುವುದರಿಂದ ಅವರಿಗೆ ತಾವಾಗಿ ಗೊತ್ತಾಗುವುದಿಲ್ಲ. ವರದಿಯಲ್ಲಿ ಅಲ್ಲಿ ಕುಸಿತ ಕಂಡರೆ ಅವರನ್ನು ಆ ಸೀಸನ್‌ಗೆ ತೂಕದ ಕಡೆಗೋ ಚೀಲ ಹೊಲಿಯುವ ಕಡೆಗೋ ಹಾಕಿ, ಕೂಲಿ ಕಡಿಮೆ ಮಾಡದೆ.